ಬತ್ತೀನಿ ಅಂದವನು

ದುದ್ದದ ಚಿಕ್ಕಬೋರಮ್ಮ ಉಣ್ಣಿಸಿದ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ, ಸಾಲಿನ ಬಾಲ ಮಂಡ್ಯ ದಾಟಿ ಮದ್ದೂರಿನ ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅಷ್ಟೂ ಅವಳ ಮಕ್ಕಳಲ್ಲ, ಹೆತ್ತದ್ದು ಯತೀಶನೊಬ್ಬನನ್ನೇ. ಉಣ್ಣದೆ ಹಟ ಹಿಡಿದ ಕೂಸನ್ನು ಕಂಕುಳಲ್ಲಿ ಇರುಕಿಕೊಂಡು, ಇನ್ನೊಂದು ಕೈಯಲ್ಲಿ ತಟ್ಟೆ ಹಿಡಿದು, ಕೇರಿಯ ಹೆಂಗಸರು ಅವಳ ಜಗಲಿಗೆ ಬರುತ್ತಿದ್ದರು. ಚಿಕ್ಕಬೋರಮ್ಮ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಬೀದಿಯ ಕಡೆ ತಿರುಗಿಯೂ ನೋಡದೆ ದನಿ ತಗ್ಗಿಸಿ, "ಗುಮ್ಮ ಬತ್ತಾವ್ನೆ" ಅನ್ನುತ್ತಿದ್ದಳು. ಆ ದನಿಗೆ ಮಗುವಷ್ಟೇ ಅಲ್ಲ, ಮಗುವಿನ ತಾಯಿಯೂ ಎರಡು ತುತ್ತು ನುಂಗಿಬಿಡುತ್ತಿದ್ದಳು. ಒಮ್ಮೆ ಪಕ್ಕದಲ್ಲಿ ಕಟ್ಟಿದ್ದ ಎಮ್ಮೆ ಅದನ್ನು ಕೇಳಿಸಿಕೊಂಡು, ತಿಂಗಳಿಂದ ಮೂಸದಿದ್ದ ಹಿಂಡಿಯನ್ನೆಲ್ಲ ಒಂದೇ ಉಸಿರಿಗೆ ಮುಗಿಸಿ ಬಕೇಟನ್ನೂ ಅಗಿಯಲು ನೋಡಿತಂತೆ.

ಅವಳ ಗುಮ್ಮನದು ಒಂದು ಗುಣ. ಅವನು ಬರುತ್ತಿದ್ದನೇ ಹೊರತು ಬಂದವನಲ್ಲ. ಬೇಲಿ ಹತ್ತಿರ ಬಂದ, ಬಚ್ಚಲ ಹಿಂದೆ ಬಂದ, ಇನ್ನೇನು ಮೆಟ್ಟಿಲು ಹತ್ತಿದ ಅನ್ನುವಷ್ಟರಲ್ಲಿ ತಟ್ಟೆ ಬರಿದಾಗಿ, ಬಡಪಾಯಿ ಹಸಿದ ಹೊಟ್ಟೆಯಲ್ಲೇ ತಿರುಗಿ ಹೋಗಬೇಕಾಗುತ್ತಿತ್ತು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಅವನು ಹೊಸ್ತಿಲು ದಾಟಿದವನಲ್ಲ.

ಈ ವಿದ್ಯೆ ಸೋತದ್ದು ಸ್ವಂತ ಮೊಮ್ಮಗಳ ಮುಂದೆ. ಐದು ವರ್ಷದ ದೀಪಿಕ ತುತ್ತನ್ನು ದವಡೆಯಲ್ಲಿ ಇಟ್ಟುಕೊಂಡು, "ಬರ್ಲಿ ಬುಡು" ಅಂತ ಕೂತುಬಿಟ್ಟಳು. ಅವಳ ತಾಯಿ ಶ್ವೇತ ಸೋಮನಹಳ್ಳಿ ಕಡೆಯ ಗಾರ್ಮೆಂಟ್ಸಿಗೆ ಹೋಗುವವಳು. ಕರೆದೊಯ್ಯುವ ವ್ಯಾನು ದುದ್ದದ ಕೋಳಿಗಳನ್ನೇ ಎಬ್ಬಿಸಿ ಹೊರಡುವಂಥದ್ದು; ಮಗುವಿನ ಮುಂದೆ ತಟ್ಟೆ ಹಿಡಿದು ಗೋಗರೆಯಲು ಅವಳಿಗೆ ಪುರಸೊತ್ತೆಲ್ಲಿ? ಒಂದು ಭಾನುವಾರ ಯತೀಶ ತನ್ನ ಮೊಬೈಲಿನಲ್ಲಿ ಕಾರ್ಟೂನು ಹಾಕಿ, ನೀರಿನ ಚೊಂಬಿಗೆ ಒರಗಿಸಿ ಮಗಳ ಮುಂದಿಟ್ಟ. ತಟ್ಟೆ ಖಾಲಿಯಾಯಿತು.

ಅದು ಯಾವುದೋ ಪರದೇಶದ ಬೊಂಬೆಚಿತ್ರ. ಈ ಕಡೆಯ ಪಡ್ಡೆ ಹುಡುಗರು ಯಾರೋ ಅದರ ಮಾತು ಕಿತ್ತುಹಾಕಿ ಮಂಡ್ಯದ ಮಾತು ಹೊಲಿದಿದ್ದರು. ದೊಡ್ಡವರು ನೋಡಿ ನಗಲೆಂದು ಮಾಡಿದ್ದು. ಅದರಲ್ಲಿ ಉದ್ದಪ್ಪ ಅಂತ ಒಬ್ಬ. ತೆಂಗಿನ ಮರದಷ್ಟು ಉದ್ದ, ಸುಣ್ಣ ಬಳಿದ ಗೋಡೆಯಂಥ ಮುಖ. ಕಣ್ಣು, ಮೂಗು ಏನೂ ಇಲ್ಲ, ಬಾಯಿ ಮಾತ್ರ. ಮಟಮಟ ಮಧ್ಯಾಹ್ನ ಯಾವುದಾದರೂ ಮನೆಯ ಬಾಗಿಲು ತಟ್ಟುತ್ತಾನೆ. ಬಗ್ಗಿ ಒಳಗೆ ಬಂದು, ಯಾರು ಯಾರು ಎಲ್ಲೆಲ್ಲಿಗೆ ಹೋಗಿದ್ದಾರೆಂದು ವಿಚಾರಿಸಿ, ಮಜ್ಜಿಗೆ ಕುಡಿದು, "ಬತ್ತೀನಿ ಕಣ್ರಪ್ಪ" ಅಂತ ಎದ್ದು ಹೋಗುತ್ತಾನೆ. ಸಂಜೆಗೆ ಬರುತ್ತಾನೆ. ಆಗ ಅವನಿಗೆ ಮುಖವಿರುತ್ತದೆ. ಬೆಳಿಗ್ಗೆ ಆ ಮನೆಯಿಂದ ಹೊರಗೆ ಹೋದವರೊಬ್ಬರ ಮುಖ. ಮನೆಯವರು ಗುರುತು ಹತ್ತದೆ ಕೈಕಾಲಿಗೆ ನೀರು ಕೊಟ್ಟು ಒಳಗೆ ಕರೆದುಕೊಳ್ಳುತ್ತಾರೆ.

ಯತೀಶ ಇದಕ್ಕೆ ಸೂರಿನ ಹೆಂಚು ಸರಿಯುವಂತೆ ನಗುತ್ತಿದ್ದ. ಇದು ಮಕ್ಕಳು ನೋಡುವಂಥದ್ದೇನೋ ಎಂದು ಚಿಕ್ಕಬೋರಮ್ಮ ಕೇಳಿದಾಗ ಅವನು, "ಬೊಂಬೆ ಅಲ್ವೇನವ್ವ? ಬೊಂಬೆ ಅಂದ್ಮ್ಯಾಕೆ ಮಕ್ಕಳುದ್ದೇ" ಅಂದ. ಶುರುವಿನಲ್ಲಿ ಇದು ದೊಡ್ಡವರಿಗೆ ಮಾತ್ರ ಅಂತ ಅಕ್ಷರ ಬರುವುದನ್ನು ಶ್ವೇತ ಕಂಡಿದ್ದಳು. ಮಗುವಿಗೆ ಏನು ತಿಳಿಯುತ್ತದೆ, ಉಂಡರೆ ಸಾಕು ಎಂದು ಸುಮ್ಮನಾದಳು. ಚಿಕ್ಕಬೋರಮ್ಮನೂ ಸುಮ್ಮನಾದಳು. ಸೋತ ಮೇಲೆ ಗೆದ್ದವನನ್ನು ದೂರಿದರೆ ಹೊಟ್ಟೆಕಿಚ್ಚು ಅಂದಾರು ಎಂಬ ಅಳುಕು ಅವಳದು.

ಕಬ್ಬು ಆಳೆತ್ತರಕ್ಕೂ ಮೀರಿ ನಿಂತಿದ್ದ ಕಾಲ. ಹಿತ್ತಿಲಾಚೆ ಗಾಳಿಯಿಲ್ಲದಿದ್ದರೂ ಸೋಗೆ ಅಲ್ಲಾಡುತ್ತಿತ್ತು. ಒಂದು ಮಧ್ಯಾಹ್ನ ಕರೆಂಟು ಹೋಗಿ, ಊರೆಲ್ಲ ಉಸಿರು ಬಿಗಿಹಿಡಿದಂತೆ ಇದ್ದಾಗ, ಚಿಕ್ಕಬೋರಮ್ಮನಿಗೆ ಮೊಮ್ಮಗಳ ಮಾತು ಕೇಳಿಸಿತು. ದೀಪಿಕ ಹೊಸ್ತಿಲ ಮೇಲೆ ಕೂತು, ಕತ್ತನ್ನು ಪೂರಾ ಮೇಲಕ್ಕೆತ್ತಿ, ಎದುರಿಗೆ ಯಾರೋ ನಿಂತಿದ್ದಾರೆ ಅನ್ನುವ ಹಾಗೆ, ಅಪ್ಪ ಗದ್ದೆಗೆ ಹೋಗಿದ್ದಾನೆ, ಅವ್ವ ವ್ಯಾನಿನಲ್ಲಿ ಹೋದಳು ಎಂದು ಒಪ್ಪಿಸುತ್ತಿದ್ದಳು. ಅಂಗಳದಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

"ಯಾರ್ ಜೊತೆ ಮಗ ಮಾತು?"

"ಉದ್ದಪ್ಪ. ಈಗ ಎದ್ದ. ಬತ್ತೀನಿ ಅಂದ."

ಈ ಸೀಮೆಯಲ್ಲಿ ಮನೆಯಿಂದ ಹೊರಡುವವರು ಹೋಗುತ್ತೇನೆ ಅನ್ನುವ ಹಾಗಿಲ್ಲ. 'ಓಯ್ತೀನಿ' ಅನ್ನುವುದು ಪ್ರಾಣ ಬಿಡುವವರ ಮಾತು. ನೆಂಟರು ಬಾಯ್ತಪ್ಪಿ ಅಂದರೂ ಚಿಕ್ಕಬೋರಮ್ಮ ಅವರನ್ನು ವಾಪಸು ಕರೆದು, ಕೂರಿಸಿ, ನೀರು ಕುಡಿಸಿ, 'ಬತ್ತೀನಿ' ಅನ್ನಿಸಿಯೇ ಕಳಿಸುವವಳು. ಹಾಗಾಗಿ ಬತ್ತೀನಿ ಅಂದವನೆಂದರೆ ಅವಳ ಲೆಕ್ಕದಲ್ಲಿ ಎದ್ದು ಹೊರಟುಹೋದವನು.

"ಬತ್ತೀನಿ ಅಂದ್ನಾ? ಸದ್ಯ, ಓದ ಬುಡು" ಎಂದಳು.

ದೀಪಿಕ ಅಜ್ಜಿಯನ್ನೇ ನೋಡಿದಳು. ತಿಳಿವಳಿಕೆಯಿಲ್ಲದವರಿಗೆ ಹೇಳುವಂತೆ, ಸಾವಧಾನವಾಗಿ, "ಬತ್ತಾನೆ ಅಜ್ಜಿ" ಅಂದಳು.

ಅವತ್ತಿನಿಂದ ಮಗು ತಾಯಿಯ ಹತ್ತಿರ ಹೋಗುವುದನ್ನು ಬಿಟ್ಟಿತು. ಶ್ವೇತ ಬಂದೊಡನೆ ಅಜ್ಜಿಯ ಸೆರಗಿನ ಹಿಂದೆ ಸೇರಿಕೊಂಡು, ಅವಳ ಪಾದ ನೋಡುವುದು, ಕಿವಿ ನೋಡುವುದು. ತಂದುಕೊಟ್ಟ ಬಿಸ್ಕತ್ತನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು ತಿನ್ನದೆ ಇಡುವುದು. ಕೆಲಸಕ್ಕೆ ಹೋಗುತ್ತೇನೆಂದು ಮಗುವಿಗೆ ಕೋಪ ಎಂದುಕೊಂಡು ಶ್ವೇತ ಬಚ್ಚಲಿಗೆ ಹೋಗಿ ಅತ್ತು ಬರುತ್ತಿದ್ದಳು. ಪಕ್ಕದ ಮನೆಯ ಹೊನ್ನಯ್ಯ ಗಾಳಿ ಸೋಕಿರಬೇಕು, ಮಳವಳ್ಳಿ ಕಡೆ ಒಬ್ಬ ಮಂತ್ರ ಹಾಕುವವನಿದ್ದಾನೆ, ಅವನು ಹೆಸರು ಹಿಡಿದು ಕೂಗಿದರೆ ಗಾಳಿ ಬಸ್ಸು ಹತ್ತಿ ಬಂದು ಕೈಕಟ್ಟಿ ನಿಲ್ಲುತ್ತದೆ ಎಂದು ಹೇಳಿ ಹೋದ.

ಒಂದು ಸಂಜೆ ಶ್ವೇತ ತಡೆಯಲಾರದೆ ಮಗಳನ್ನು ಎತ್ತಿಕೊಳ್ಳಲು ಬಗ್ಗಿದಳು. ದೀಪಿಕ ಅಳಲಿಲ್ಲ, ಕೊಸರಲಿಲ್ಲ. ಸಣ್ಣಗೆ ಕೇಳಿದಳು, "ನಮ್ಮವ್ವ ಎಲ್ಲಿ?"

"ನಾನೇ ಕಣೆ ಮಗ."

"ಬೆಳಿಗ್ಗೆ ಬತ್ತೀನಿ ಅಂದ್ಯಲ್ಲ ನೀನು. ಉದ್ದಪ್ಪನೂ ಅಂಗೇ ಅಂತಾನೆ."

ಯತೀಶ ಮನೆಯಲ್ಲೇ ಬಿಟ್ಟುಹೋಗಿದ್ದ, ಮಗುವಿನ ಕೈಯಲ್ಲಿದ್ದ ಮೊಬೈಲಿನಲ್ಲಿ ಯಾರೋ ಬಾಗಿಲು ತಟ್ಟುತ್ತಿದ್ದರು. ಚಿಕ್ಕಬೋರಮ್ಮ ತಲೆಯೆತ್ತಿದಳು. ಬಾಗಿಲಲ್ಲಿ ಬೆಳಕಿಗೆ ಬೆನ್ನು ಮಾಡಿ ನಿಂತಿದ್ದ ಸೊಸೆಯ ಮುಖ ಕಾಣಲಿಲ್ಲ. ಅವಳು ಇದ್ದದ್ದಕ್ಕಿಂತ ಉದ್ದವಾಗಿ ಕಂಡಳು. ಒಂದು ಗಳಿಗೆ ಮುದುಕಿಯ ಮೈಮೇಲಿನ ಕೂದಲೆಲ್ಲ ಜೋಳದ ಬೆಳೆಯಂತೆ ಎದ್ದು ನಿಂತವು. ಶ್ವೇತ ದೀಪದ ಸ್ವಿಚ್ಚು ಒತ್ತಿದಳು; ಆಗ ಅವಳು ಶ್ವೇತಳೇ ಆಗಿದ್ದಳು, ಕೆನ್ನೆ ಒದ್ದೆಯಾಗಿತ್ತು.

ಯತೀಶ ಗದ್ದೆಯಿಂದ ಬರುತ್ತಲೇ ಚಿಕ್ಕಬೋರಮ್ಮ ಮಂತ್ರವೂ ಬೇಡ, ಮಳವಳ್ಳಿಯೂ ಬೇಡ, ಮೊದಲು ಆ ಬೊಂಬೆ ನಿಲ್ಲಿಸು ಎಂದಳು. ಅವನಿಗೆ ರೇಗಿತು. ಉಣ್ಣದಿದ್ದ ಮಗು ಉಣ್ಣುತ್ತಿದೆ, ಅದನ್ನೂ ಕೆಡಿಸಬೇಕೇ ಎಂದ.

"ಊರ್ ಮಕ್ಕಳ್ನೆಲ್ಲ ಗುಮ್ಮ ಅಂತ ಹೆದ್ರುಸ್ದೋಳು ನೀನು. ಈಗ ನಂಗೆ ಬುದ್ದಿ ಯೋಳ್ತೀಯಾ?"

ಈ ಮಾತು ತಾಗಿತು. ಚಿಕ್ಕಬೋರಮ್ಮ ಒಲೆಯ ಸೌದೆಯನ್ನು ಒಳಕ್ಕೆ ತಳ್ಳಿದಳು. ಆಮೇಲೆ ಹೇಳಿದಳು: "ನನ್ ಗುಮ್ಮ ಬರ್ನಿಲ್ಲ ಕಣ್ಲಾ. ಬರ್ದಂಗೆ ನಾನು ಪಕ್ದಲ್ ಕುಂತು ನೋಡ್ಕತಿದ್ದೆ. ನಿನ್ನೋನು ಒಳಿಕ್ಕೆ ಬಂದು ಮಜ್ಜಿಗೆ ಕುಡೀತಾನೆ, ಅವನ್ನ ಆಚಿಕ್ ಅಟ್ಟೋರು ಅದ್ರಾಗೆ ಒಬ್ರೂ ಇಲ್ಲ. ಅದ ನೋಡಿ ನಗ್ಬೇಕು ಅಂತ ನಿಂಗ್ ಗೊತ್ತು. ಆ ಕೂಸ್ಗೆ ಯಾರ್ಲಾ ಯೋಳವ್ರೆ?"

ಯತೀಶ ಬಾಯಿ ತೆರೆಯುವ ಮೊದಲೇ ಶ್ವೇತ ಮೊಬೈಲನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇನ್ನು ಮೇಲೆ ಮಗುವಿನ ಮುಂದೆ ಅದು ಬೇಡ, ಉಣ್ಣದೆ ಒಣಗಿದರೂ ಸರಿ, ನನ್ನನ್ನು ಗುರುತು ಹಿಡಿಯಲಿ ಎಂದಳು. ಆಮೇಲೆ ಕೇಳಿದಳು, "ನಾಳೆ ಬೆಳಿಗ್ಗೆ ನಾನು ಏನಂತ ಓಗ್ಲಿ ಅತ್ತೆ?"

ಚಿಕ್ಕಬೋರಮ್ಮ ಉತ್ತರ ಕೊಡುವುದಕ್ಕೆ ಮೊದಲು ದೇವರ ಮೂಲೆಯ ಕಡೆ ನೋಡಿದಳು. "ಓಯ್ತೀನಿ ಅನ್ನವ್ವ" ಅಂದಳು.

ಬೆಳಿಗ್ಗೆ ವ್ಯಾನು ಕೂಗಿತು. ಶ್ವೇತ ಹೊಸ್ತಿಲಾಚೆ ನಿಂತು, ನಾಲಿಗೆ ತಡವರಿಸಿ, "ಓಯ್ತೀನಿ ಮಗ" ಎಂದಳು. ದೀಪಿಕ ಎಷ್ಟೋ ದಿನಗಳ ಮೇಲೆ ನಕ್ಕು ಕೈ ಬೀಸಿದಳು. ಚಿಕ್ಕಬೋರಮ್ಮ ಮಾತ್ರ ಕಂಬ ಹಿಡಿದುಕೊಂಡಳು. ಆ ಮಾತನ್ನು ಈ ಮನೆಯಲ್ಲಿ ಕೊನೆಗೆ ಆಡಿದವನು ಅವಳ ಗಂಡ, ಆಡಿದವನು ಹೋಗಿಯೇಬಿಟ್ಟಿದ್ದ.

ಅವತ್ತಿನ ಹಗಲು ದುದ್ದದ ಮಟ್ಟಿಗೆ ಮೂರು ಹಗಲಿನಷ್ಟು ಉದ್ದವಿತ್ತು. ಸೂರ್ಯ ಕಬ್ಬಿನ ಸೋಗೆಗೆ ಸಿಕ್ಕಿಕೊಂಡು ಕೆಳಗಿಳಿಯಲೇ ಇಲ್ಲ. ಮೊಬೈಲು ಇಲ್ಲದೆ ಮಗುವಿಗೆ ಒಂದು ಮುದ್ದೆ ಉಣ್ಣಿಸುವುದರಲ್ಲಿ ಅರ್ಧ ದಿನ ಹೋಯಿತು, ಅರ್ಧ ಮುದ್ದೆ ಅಂಗಳದ ಕೋಳಿಗಳ ಪಾಲಾಯಿತು. ರಸ್ತೆಯಲ್ಲಿ ಯಾವ ಗಾಡಿ ಬ್ರೇಕು ಹಾಕಿದರೂ ಮುದುಕಿ ಎದ್ದು ಬೇಲಿಯವರೆಗೆ ಹೋಗಿ ಬರುತ್ತಿದ್ದಳು. ವ್ಯಾನು ಬರುವ ಹೊತ್ತಾಯಿತು, ಬರಲಿಲ್ಲ. ಹೊತ್ತು ಮೀರಿತು, ಬರಲಿಲ್ಲ. ಆಡಬಾರದ ಮಾತನ್ನು ಆಡಿಸಿದವಳು ನಾನೇ ಎಂದು ಅವಳು ಕೈ ಹಿಸುಕಿಕೊಳ್ಳುತ್ತಿದ್ದಾಗ, ತಿರುವಿನಲ್ಲಿ ದೂಳೆದ್ದಿತು. ಟೈರು ಪಂಕ್ಚರ್ ಆಗಿತ್ತಂತೆ.

ಶ್ವೇತ ಇಳಿದು ಅಂಗಳದಲ್ಲಿ ನಿಂತಳು. ದೀಪಿಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಓಗಿದ್ದ್ಯಾ ಅವ್ವ?"

"ಓಗಿದ್ದೆ ಕಣ್ ಮಗ."

ಅಷ್ಟು ಸಾಕಾಯಿತು. ಮಗು ಓಡಿಹೋಗಿ ತಾಯಿಯ ಕೊರಳಿಗೆ ಜೋತುಬಿದ್ದು, ದೂಳಿನ ಸೀರೆಯಲ್ಲಿ ಮುಖ ಹುದುಗಿಸಿತು.

ಎಲ್ಲರೂ ಊಟಕ್ಕೆ ಕೂತರು. ತಾಯಿ ಕೊಟ್ಟ ತುತ್ತನ್ನು ದೀಪಿಕ ನಿಧಾನವಾಗಿ ಅಗಿಯುತ್ತಿದ್ದಳು. ಯತೀಶ ಕೈ ತೊಳೆದು, ಗದ್ದೆಗೆ ನೀರು ಕಟ್ಟಲು ಟಾರ್ಚು ತೆಗೆದುಕೊಂಡು ಬಾಗಿಲಿಗೆ ಹೋದ. ಅಲ್ಲಿ ನಿಂತು, ರೂಢಿಯಂತೆ ತಿರುಗಿ, ಬಾಯಿ ತೆರೆದ. ಮಗಳು ಅವನನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿದ. ಇನ್ನೊಂದು ಮಾತಿಗೆ ಬಾಯಿ ತೆರೆದ. ಅವ್ವ ನೋಡುತ್ತಿದ್ದಳು. ಅದನ್ನೂ ನುಂಗಿದ. ಕೊನೆಗೆ ಏನೂ ಹೇಳದೆ ಮೆಟ್ಟಿಲಿಳಿದ. ಟಾರ್ಚಿನ ಬೆಳಕು ಕಬ್ಬಿನೊಳಗೆ ಸೇರಿ ಮರೆಯಾಗುವವರೆಗೂ ದೀಪಿಕ ಅಗಿಯುವುದನ್ನು ನಿಲ್ಲಿಸಿದ್ದಳು.