ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದ ಭಾವನವರು

ಭಾವನವರು ನಮ್ಮ ಮನೆಯ ಕುರ್ಚಿಯಲ್ಲಿ ಯಾವತ್ತೂ ಪೂರ್ತಿ ಕೂತವರಲ್ಲ. ಹೊಳೆಯುವ ಬೂಟಿನ ಮೂತಿಯನ್ನು ಬಾಗಿಲ ಕಡೆ ಇಟ್ಟು, ತುದಿಯಲ್ಲಿ ಕೂತು, ಕಾಫಿ ಅರ್ಧ ಬಿಟ್ಟು ಏಳುತ್ತಿದ್ದರು. ನನ್ನ ಯಜಮಾನರ ಅಣ್ಣ. ಕಂಪನಿಗಳನ್ನು ಮಾರುವವರಿಗೂ ಕೊಳ್ಳುವವರಿಗೂ ಗಂಟು ಹಾಕಿಸುವ ಮುಂಬೈಯ ಒಂದು ದೊಡ್ಡ ಬ್ಯಾಂಕಿನಲ್ಲಿ ಮುಖ್ಯಸ್ಥರು. ಪೇಪರಿನಲ್ಲಿ ಫೋಟೊ ಬಂದಾಗ ನಮ್ಮ ಬೆಳಗೋಡಿನಲ್ಲಿ ಹಾರ ಹಾಕಿ ಸನ್ಮಾನ ಮಾಡಿದರು. ಯಾವ ಯಾವ ಕಾರ್ಖಾನೆ ಮಾರಿಸಿದೆ ಎಂದು ಭಾವನವರು ಮೈಕಿನಲ್ಲಿ ಹೇಳಿಕೊಂಡರು. ಅಲ್ಲಿ ದುಡಿಯುತ್ತಿದ್ದವರು ಏನಾದರು ಎಂದು ಯಾರೂ ಕೇಳಲಿಲ್ಲ. ನಾನೂ ಚಪ್ಪಾಳೆ ತಟ್ಟಿದೆ.

"ಸರಿಯಾದ ಹೊತ್ತಿಗೆ ಕೈ ಬಿಡೋದು ಕಲೀಬೇಕಮ್ಮ" ಎನ್ನುವುದು ಅವರ ಮಾತು. ನಮ್ಮ ಹಸು ನೋಡಿದರೂ ಅದೇ, ದೇವರ ಮುಂದಿನ ಹಿತ್ತಾಳೆ ದೀಪ ನೋಡಿದರೂ ಅದೇ.

ಪಾಲಾದಾಗ ಮೇಲಿನ ತೋಟ ಅವರಿಗೆ ಹೋಯಿತು, ಕೆಳಗಿನದು ನಮಗೆ. ಅತ್ತೆ-ಮಾವನನ್ನು ಮಣ್ಣು ಮಾಡಿದ್ದು ಮೇಲಿನ ತೋಟದಲ್ಲಿ. ಅದನ್ನು ರೆಸಾರ್ಟಿನವರಿಗೆ ಬರೆದುಕೊಡುವಾಗ ನಾನು ಕೈಮುಗಿದೆ.

"ಅತ್ತೆ ಮಲಗಿರೋ ಜಾಗ ಒಂದನ್ನ ಬುಟ್ಟು ಬರೆಸಿ, ಭಾವ."

"ನಡುವೆ ಸಮಾಧಿ ಇಟ್ಕೊಂಡು ಯಾರಮ್ಮ ತಗೋತಾರೆ? ಅಮ್ಮ ಏನು ಅಲ್ಲೇ ಕೂತಿದಾಳಾ?" ಎಂದು ಗಡಿಯಾರ ನೋಡಿಕೊಂಡರು.

ರೆಸಾರ್ಟಿನವರು ಕಲ್ಲು ಕಿತ್ತು ಹುಲ್ಲು ಹಾಸಿದರು. ಆ ವರ್ಷ ಪಿತೃಪಕ್ಷಕ್ಕೆ ಎಡೆ ಹಿಡಿದು ಹೋದರೆ ಗೇಟಿಗೆ ಬೀಗ. ಕಾವಲಿಗಿದ್ದ ನಮ್ಮೂರ ಹುಡುಗನೇ ಓಡಿಬಂದ.

"ಒಳಕ್ಕೆ ಬುಡಂಗಿಲ್ಲ ಕಣಕ್ಕ. ಬೇಲಿ ಮ್ಯಾಲಿಂದ ಕೊಡಿ, ನಾನೇ ಇಕ್ಕಿ ಬತ್ತೀನಿ. ಅಜ್ಜಿ ಕೈಲಿ ನಾನೂ ಉಂಡಿವ್ನಿ."

ಅವನನ್ನು ಅಲ್ಲಿ ನಿಲ್ಲಿಸಿದ್ದು ದೇವರೇ ಎಂದುಕೊಂಡೆ.

ಹೋದ ವರ್ಷ ಭಾವನವರಿಗೆ ಎದೆನೋವು ಬಂತು. ಆಸ್ಪತ್ರೆಯಿಂದ ನಮ್ಮ ಯಜಮಾನರಿಗೆ ಫೋನು ಮಾಡಿ ಹೇಳಿದ್ದು ಒಂದೇ: "ನನ್ನನ್ನ ಅಮ್ಮನ ಪಕ್ಕ ಮಲಗಿಸೋ." ಮಾರನೆಯ ದಿನ ತೀರಿಕೊಂಡರು.

ಮುಂಬೈಯಿಂದ ಭಾವನವರನ್ನು ತರುತ್ತಿದ್ದ ಆಂಬುಲೆನ್ಸು ಇಲ್ಲೇ ಹತ್ತಿರದ ಬಾಳ್ಳುಪೇಟೆ ದಾಟಿದರೂ ರೆಸಾರ್ಟಿನವರು ಗೇಟು ತೆಗೆಯಲು ಒಪ್ಪಲಿಲ್ಲ. ಯಜಮಾನರು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು.

"ಈಗೇನ್ ಮಾಡಾದೇ?"

"ಅವರೇ ಮಾರಿದ್ದಲ್ವಾ? ಮುಂಬೈಲೇ ಸುಟ್ಬುಡಿ ಅನ್ಬೇಕಿತ್ತು" ಎಂದುಬಿಟ್ಟೆ.

ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ನಾನು ಒಲೆ ಆರಿಸಿದೆ.

"ನಮ್ ತೋಟದ ಹಲಸಿನ ಮರದತ್ರ, ಬೇಲಿಗೆ ಒತ್ತಿಸಿ ತೋಡ್ಸಿ. ಅತ್ತೆಗೆ ಅದಕ್ಕಿಂತ ಹತ್ರ ನಮ್ ಜಾಗ ಎಲ್ಲೈತೆ?"

ಈಗ ಪಿತೃಪಕ್ಷಕ್ಕೆ ಬೇಲಿ ಮೇಲಿಂದ ಅತ್ತೆ-ಮಾವನಿಗೆ ಒಂದು ಎಡೆ, ಬೇಲಿಯ ಈಚೆ ಭಾವನವರಿಗೆ ಒಂದು. ಈಚೆಯದನ್ನು ಇಡುವಾಗ ಇವತ್ತಿಗೂ ನನ್ನ ಬಾಯಲ್ಲಿ ಒಳ್ಳೆಯ ಮಾತು ಹೊರಡುವುದಿಲ್ಲ. ತುಪ್ಪ ಮಾತ್ರ ಕಡಿಮೆ ಹಾಕಿಲ್ಲ. ಅಷ್ಟು ಮನಸ್ಸನ್ನು ದೇವರು ಉಳಿಸಿದ್ದಾನೆ.