ಒಂದೇ ಗುಂಡಿಯ ಎರಡು ಕೇಬಲ್

ಕಾಂತರಾಜ್ ಹದಿನಾರು ವರ್ಷದಿಂದ ತೀರ್ಥಹಳ್ಳಿ–ಹೊಸನಗರ ರಸ್ತೆಯಲ್ಲಿ ತುಂಡಾದ ಫೈಬರ್ ಕೇಬಲ್ ಕೂಡಿಸಿಯೇ ಬದುಕಿದವನು. ಕೂದಲೆಳೆಯಂಥ ಗಾಜಿನ ದಾರ ಬೆಸೆಯುವಾಗ ಕಲ್ಲಿನಂತೆ ಕೂರುತ್ತಿದ್ದ. ಉಳಿದಂತೆ ಅವನಿಗೆ ಕೂತಲ್ಲಿ ಕೂರಲಾಗದು. ಊಟಕ್ಕೆ ಕೂತರೂ ಎಡಗೈ ಫೋನಿನ ಮೇಲೇ.

ರಸ್ತೆ ಅಗಲೀಕರಣ ಶುರುವಾದ ಮೇಲೆ ಆ ಫೋನಿಗೂ ಬಿಡುವಿಲ್ಲದಾಯಿತು. ಜೆಸಿಬಿ ಬಾಯಿ ಹಾಕಿದಲ್ಲೆಲ್ಲ ಕೇಬಲ್ ತುಂಡು. ಎಲ್ಲರಿಗಿಂತ ಹೆಚ್ಚು ಪೇಚಾಡಿದವಳು ವಿನಯಾ. ಹೊಸನಗರದ ಅವಳ ಸ್ಕ್ಯಾನಿಂಗ್ ಸೆಂಟರಿನಲ್ಲಿ ತೆಗೆದ ಚಿತ್ರ ಓದುವ ಡಾಕ್ಟರು ಇದ್ದದ್ದು ತೀರ್ಥಹಳ್ಳಿಯ ಅವಳದೇ ಇನ್ನೊಂದು ಸೆಂಟರಿನಲ್ಲಿ. ಒಂದು ಮಧ್ಯಾಹ್ನ ಮರದಿಂದ ಬಿದ್ದ ಬೆಳ್ಳಪ್ಪ ಎಂಬುವನ ತಲೆಯ ಚಿತ್ರ ಕಳಿಸುವ ಹೊತ್ತಿಗೇ ಲೈನ್ ಹೋಯಿತು. ಕಾದು ಕಾದು ಅವನನ್ನು ಶಿವಮೊಗ್ಗಕ್ಕೆ ಒಯ್ದರು. ಜೀವವೇನೋ ಉಳಿಯಿತು. ವಿನಯಾ ಮಾತ್ರ ತಡೆಯಲಾರದೆ, ಕಾಂತರಾಜ್ ಕೂತಿದ್ದ ಗುಂಡಿಗೇ ಬಂದಳು.

‘ಒಂದು ಹೋದ್ರೆ ಇನ್ನೊಂದು ಇರ್ಲಿ ಅಂತ ಎರಡು ಕಂಪನಿ ಲೈನ್ ತಗೊಂಡಿದೀನಿ. ಎರಡೂ ಒಟ್ಟಿಗೆ ಹೆಂಗೆ ಹೋಗ್ತವೆ?’

ಅವನಿಗೆ ಉತ್ತರ ಗೊತ್ತಿತ್ತು. ಹೇಳಿದರೆ ತನ್ನ ಹೊಟ್ಟೆಗೆ ತಾನೇ ಹೊಡೆದುಕೊಂಡಂತೆ. ಆದರೂ ಬೆಳ್ಳಪ್ಪನ ಸುದ್ದಿ ಕೇಳಿದ ಮೇಲೆ ಬಾಯಿ ಸುಮ್ಮನಿರಲಿಲ್ಲ.

‘ಕಂಪನಿ ಎರಡು, ಗುಂಡಿ ಒಂದೇ ಅಕ್ಕ. ಇಲ್ನೋಡಿ, ಕರಿದು ಅವರದ್ದು, ಕಿತ್ತಳೆ ಇವರದ್ದು. ಮೂರನೇದು ತಗೊಂಡ್ರೂ ಇಲ್ಲೇ ಹಾಕ್ತಾರೆ.’

‘ಮತ್ತೆಂತ ಮಾಡೋದು?’

‘ನೆಲ ಬಿಡ್ಬೇಕು. ಗುಡ್ಡದ ಮೇಲಿಂದ ನಿಮ್ದೇ ಮೈಕ್ರೋವೇವ್ ಲೈನ್ ಹಾಕ್ಸಿ, ಡಿಶ್‌ನಿಂದ ಡಿಶ್‌ಗೆ ಗಾಳೀಲೇ ಹೋಗತ್ತೆ. ಗಾಳೀನ ಯಾವ ಜೆಸಿಬಿ ಅಗೆಯತ್ತೆ?’

ಪರವಾನಗಿ, ಟವರು, ಎರಡೂರಿನ ನಡುವಿನ ಗುಡ್ಡದಲ್ಲಿ ಜಾಗ ಎಲ್ಲ ಸೇರಿ ಎಂಟು ತಿಂಗಳಾಯಿತು. ಡಿಶ್‌ಗಳನ್ನು ಎದುರುಬದುರು ಹೊಂದಿಸುವ ದಿನ ವಿನಯಾ ಅವನನ್ನೇ ಕರೆಸಿದಳು. ಟವರ್ ಹತ್ತಿ ಕೂದಲಷ್ಟು ಅತ್ತ, ಕೂದಲಷ್ಟು ಇತ್ತ ತಿರುಗಿಸಿದ. ಕೆಳಗಿಂದ ‘ಚಿತ್ರ ಬಂತು!’ ಎಂಬ ಕೂಗು ಕೇಳಿದರೂ ಅವನಿಗೆ ನೆಮ್ಮದಿಯಿಲ್ಲ. ಕೈಗೆ ಸಿಗದ ದಾರವನ್ನು ನಂಬುವುದು ಹೇಗೆ?

ಈಗ ಡಿಶ್ ನೋಡಿಕೊಳ್ಳುವ ಕೆಲಸವೂ ಅವನದೇ. ಅದು ಕೆಡುವುದೇ ಅಪರೂಪ, ಅದೇ ಅವನಿಗೆ ತಲೆನೋವು. ವಾರಕ್ಕೊಮ್ಮೆ ಗುಡ್ಡ ಹತ್ತಿ, ಆ ಕಾಣದ ಗೆರೆಗೆ ಅಡ್ಡ ಬರುವುದೇನೆಂದು ಹುಡುಕುತ್ತಾನೆ. ಮೊನ್ನೆ ಗುಡ್ಡದ ಕೆಳಗಿನ ಕಾಫಿ ಬೆಳೆಗಾರ ತೀರ್ಥೇಶನ ತೋಟದಂಚಿನ ಸಿಲ್ವರ್ ಓಕ್ ಮರ ಕಣ್ಣಿಗೆ ಬಿತ್ತು. ನೇರ ಅವನ ಮನೆಗೇ ಹೋದ.

‘ಅದು ನಿನ್ನ ಗೆರೆಗೆ ಮುಟ್ಟಕ್ಕೆ ಇನ್ನೂ ಎರಡು ಮಳೆಗಾಲ ಬೇಕು ಮಾರಾಯ,’ ಎಂದು ತೀರ್ಥೇಶ ನಕ್ಕ. ‘ಕಾಫಿ ಕುಡಿ, ಕೂತ್ಕೋ.’

‘ಕೂರಲ್ಲ. ತುದಿ ಅಷ್ಟೇ ಕಡಿಯೋದು. ಏಣಿ ಎಲ್ಲಿದೆ?’