ಚಾಸಿಯ ಮೇಲೆ ಮೂರು ಪೆಟ್ಟು

ಮೊದಲೇ ಹೇಳಿಬಿಡುತ್ತೇನೆ, ದೆವ್ವದ ಕತೆ ಎಂದರೆ ನನಗೆ ನಗು ಬರುತ್ತಿತ್ತು. ಹುನಗುಂದದಲ್ಲಿ ರಸ್ತೆ ಪಕ್ಕ ಲಾರಿ ರಿಪೇರಿ ಮಾಡುವವನಿಗೆ ಇಂಥ ಕತೆಗಳಿಗೇನೂ ಬರವಿಲ್ಲ. ಬಿಳಿ ಸೀರೆಯ ಹೆಂಗಸು ಗಾಡಿಗೆ ಕೈ ಮಾಡಿದಳೆಂದು ಚಹಾ ಕುಡಿಯುತ್ತ ಯಾರಾದರೂ ಡ್ರೈವರ್ ಶುರು ಮಾಡಿದರೆ, ‘ಇಳಕಲ್ಲ ಬಾಜೂಕ ಇಟ್ಕೊಂಡು ಆಕಿಗೆ ಬಿಳಿ ಸೀರಿನ ಯಾಕ ಬೇಕಲೇ?’ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ಬರೆಯಲು ಕೂತಿರುವುದರಲ್ಲಿ ಸೀರೆಯೂ ಇಲ್ಲ, ಕತ್ತಲೆಯೂ ಇಲ್ಲ. ನಡೆದದ್ದು ಕಮತಗಿಯಲ್ಲಿ, ಸುಡುವ ಮಧ್ಯಾಹ್ನ. ನೀವು ನಗಬಹುದು, ನನಗೇನೂ ಬೇಸರವಿಲ್ಲ.

ನನಗೆ ಕೆಲಸ ಕಲಿಸಿದವರು ಕಮತಗಿಯ ಉಸ್ತಾದರು. ಇಂಜಿನ್ನಿನ ಸದ್ದಿನಲ್ಲೇ ಆಯುಷ್ಯ ಕಳೆದು ಅವರ ಕಿವಿ ಕೇಳದಂತಾಗಿದ್ದವು. ಒಬ್ಬರು ಗಾಡಿಯ ಕೆಳಗೆ, ಒಬ್ಬರು ಮೇಲೆ ಇದ್ದಾಗ ಎಷ್ಟು ಕೂಗಿದರೂ ಪ್ರಯೋಜನವಿರಲಿಲ್ಲ. ಅದಕ್ಕೆ ನಾವು ಚಾಸಿಯನ್ನು, ಅಂದರೆ ಲಾರಿಯ ಉದ್ದಕ್ಕೂ ಇರುವ ಕಬ್ಬಿಣದ ತೊಲೆಯನ್ನು, ಬಡಿದು ಮಾತಾಡುತ್ತಿದ್ದೆವು. ಅವರು ಅದರ ಮೇಲೆ ಅಂಗೈ ಇಟ್ಟು ತಿಳಿದುಕೊಳ್ಳುತ್ತಿದ್ದರು. ಎರಡು ಪೆಟ್ಟು ಎಂದರೆ ‘ಬರ್ತೈತೇನು?’, ಒಂದು ಎಂದರೆ ‘ಹೂಂ’, ಮೂರು ಎಂದರೆ ‘ಬಿಡು, ಹೊರಗ ಬಾ’. ಮೂರು ಬಡಿಯುವಾಗ ಕೊನೆಯದನ್ನು ಅವರು ಸ್ವಲ್ಪ ತಡೆದು ಬಡಿಯುವರು. ಇದು ನಮ್ಮಿಬ್ಬರ ನಡುವಿನ ಮಾತು, ಮೂರನೆಯವರಿಗೆ ಇದು ಗೊತ್ತಿರಲಿಲ್ಲ.

ಉಸ್ತಾದರು ತೀರಿಕೊಂಡ ಮೇಲೆ ಅವರ ಹಳೆಯ ಲಾರಿ ಮನೆಯ ಮುಂದೆ ಬೇವಿನ ಮರದ ಕೆಳಗೆ ನಿಂತುಬಿಟ್ಟಿತು. ಗುಜರಿಗೆ ಹಾಕೋಣವೆಂದು ಮಗ ಇರ್ಫಾನ್, ಬೇಡವೆಂದು ಅವನ ತಾಯಿ. ಆಕೆಯನ್ನು ನಾನು ಚಾಚಿ ಎನ್ನುತ್ತೇನೆ. ಜಗ್ಗಾಡಿ ಜಗ್ಗಾಡಿ ಕೊನೆಗೆ ಇರ್ಫಾನ್ ಒಂದು ಮಾತಿಗೆ ಬಂದ. ಗಾಡಿ ತಾನೇ ಓಡಿಕೊಂಡು ಬಾಗಲಕೋಟೆಯ ಆರ್‌ಟಿಒಗೆ ಹೋಗಿ ಪಾಸಿಂಗ್ ಮಾಡಿಸಿಕೊಂಡು ಬಂದರೆ ಇರಲಿ. ಗೊತ್ತುಪಡಿಸಿದ ದಿನ ಸಂಜೆಯೊಳಗೆ ಕದಲದಿದ್ದರೆ ಇಳಕಲ್ಲಿನ ಗುಜರಿಯವನು ಬಂದು ಅಲ್ಲೇ ಗ್ಯಾಸ್ ಕಟರಿನಿಂದ ಕೊಯ್ದು ಒಯ್ಯಲಿ. ಚಾಚಿ ನನಗೆ ಫೋನ್ ಮಾಡಿದರು. ‘ತಮ್ಮಾ, ಅವರ ಕೈ ಆಡಿದ್ದು ಅಂತ ಅದೊಂದ ಉಳದೈತಿ. ಅದನ್ನ ಕೊಯ್ಯೂದು ನಾ ಹೆಂಗ ನೋಡ್ಲಿ?’ ಎಂದರು.

ಗೊತ್ತುಪಡಿಸಿದ ದಿನ ಬೆಳಿಗ್ಗೆಯೇ ಕಮತಗಿಗೆ ಹೋದೆ. ಇಂಜಿನ್ ಹೇಗೋ ಎದ್ದಿತು. ಗೇರ್ ಬಾಕ್ಸಿನ ಆಯಿಲ್ ಬದಲಿಸುವುದೊಂದು ಉಳಿದಿತ್ತು. ಈ ಕೆಲಸಕ್ಕೊಂದು ಕ್ರಮವಿದೆ. ಹೊಸ ಆಯಿಲ್ ಹಾಕುವ ಮೇಲಿನ ಪ್ಲಗ್ ಬಿಚ್ಚಿದ ಮೇಲೆಯೇ ಕೆಳಗಿನದನ್ನು ಬಿಚ್ಚಿ ಹಳೆಯದನ್ನು ಬಿಡಬೇಕು. ಇರ್ಫಾನ್ ಮೇಲಿನದಕ್ಕೆ ಪಾನಾ, ಅಂದರೆ ಸ್ಪ್ಯಾನರ್, ಹಾಕಿದವನೇ, ‘ಅಣ್ಣಾ, ಇದು ಬಂತು ಅಂತ ತಿಳೀರಿ, ನೀವು ಆಯಿಲ್ ಬಿಡ್ರಿ’ ಎಂದ. ನಾನು ಬಿಟ್ಟೆ. ಕರಿ ಆಯಿಲೆಲ್ಲ ತಗಡಿನ ಬುಟ್ಟಿಗೆ ಇಳಿದ ಮೇಲೆ ನೋಡಿದರೆ ತುಕ್ಕು ಹಿಡಿದ ಮೇಲಿನ ಪ್ಲಗ್ ಒಂದು ಕೂದಲೆಳೆಯಷ್ಟೂ ತಿರುಗಿಲ್ಲ. ಪೈಪ್ ಪಾನಾ ಹಚ್ಚಿ ಜೋತುಬಿದ್ದು ಅದರ ಮೂಲೆಗಳನ್ನೆಲ್ಲ ಸವೆಸಿ ಉಂಡಿಯ ಹಾಗೆ ಗುಂಡಗೆ ಮಾಡಿದ್ದ. ಗೇರ್ ಬಾಕ್ಸ್ ಖಾಲಿ, ತುಂಬುವ ದಾರಿ ಬಂದ್. ಹಾಗೇ ಓಡಿಸಿದರೆ ಗೇರೆಲ್ಲ ಸವೆದುಹೋಗುತ್ತವೆ.

‘ಲೇ, ಗುಜರಿಯವಗ ಯಾಕ ಕೆಲಸ ಇಟ್ಟಿ, ಪೂರಾ ನೀನ ಮುಗಿಸಿಬಿಡು’ ಎಂದು ರೇಗಿದೆ. ಪಾಪ, ಅವನ ಮುಖ ಇಳಿದುಹೋಯಿತು. ಪ್ಲಗ್ಗಿಗೆ ಒಂದು ನಟ್ ಬೆಸೆದು ತಿರುಗಿಸಿ ನೋಡೋಣವೆಂದು ವೆಲ್ಡಿಂಗಿನವನನ್ನು ಕರೆತರಲು ಹುನಗುಂದಕ್ಕೆ ಹೋದ. ಚಾಚಿ ನಮಾಜಿಗೆ ಒಳಗೆ ಹೋದರು. ನಾನು ಸಿಟ್ಟಿನಲ್ಲೇ ಮತ್ತೆ ಗಾಡಿಯ ಕೆಳಗೆ ತೂರಿದೆ. ಪ್ಲಗ್ಗಿನ ಅಂಚಿಗೆ ಕಬ್ಬಿಣ ಕಡಿಯುವ ಚಾಣ ಇಟ್ಟು, ಬಿಚ್ಚುವ ದಿಕ್ಕಿಗೆ ಸುತ್ತಿಗೆಯಿಂದ ಬಡಿದದ್ದೇ ಬಡಿದದ್ದು. ಅದು ಜಪ್ಪಯ್ಯ ಎನ್ನಲಿಲ್ಲ.

ಸಾಕಾಗಿ, ಚಾಸಿಯ ಮೇಲೆ ಎಡಗೈ ಊರಿ ಉಸಿರು ಬಿಡುತ್ತಿದ್ದೆ. ಬಲಗೈ ಹಳೆಯ ರೂಢಿಯಿಂದ ತಾನಾಗಿಯೇ ಸುತ್ತಿಗೆಯಿಂದ ಎರಡು ಸಲ ಬಡಿಯಿತು. ಏನೂ ಯೋಚಿಸಿ ಮಾಡಿದ್ದಲ್ಲ.

ಮೂರು ಪೆಟ್ಟು ಬಂದವು. ಕಿವಿಗೆ ಏನೂ ಕೇಳಿಸಲಿಲ್ಲ, ಅಂಗೈಗೆ ಬಂದವು. ಎರಡು ಕೂಡಿಯೇ, ಮೂರನೆಯದು ಸ್ವಲ್ಪ ತಡೆದು.

ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ. ಗಾಡಿಯ ಸುತ್ತ ನೋಡಿದೆ, ಯಾರೂ ಇರಲಿಲ್ಲ. ಬಾಗಿಲ ಬಳಿಯ ಕೊಡದಿಂದ ನೀರು ತೆಗೆದು ಮುಖ ತೊಳೆದು ಕಟ್ಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಚಾಚಿ ನಮಾಜು ಮುಗಿಸಿ ಬಂದವರು ನನ್ನನ್ನು ಕಂಡು ಹೊಸ್ತಿಲಲ್ಲೇ ನಿಂತರು.

‘ನೀ ಇಲ್ಲೇ ಅದೀಯೇನು?’

‘ಹೂಂ ಚಾಚಿ. ಆಗಳೇ ಹೊರಗ ಬಂದೆ.’

‘ಮತ್ತ ಅಲ್ಲಿ ಬಡ್ಯಾಕತ್ತವರು ಯಾರು?’

ನನಗೆ ಯಾವ ಸದ್ದೂ ಕೇಳಿಸುತ್ತಿರಲಿಲ್ಲ. ಬೇವಿನ ಎಲೆ ಕೂಡ ಅಲುಗುತ್ತಿರಲಿಲ್ಲ. ಚಾಚಿ ಮಾತ್ರ ಗಾಡಿಯ ಕಡೆ ಕಿವಿ ಕೊಟ್ಟು ನಿಂತಿದ್ದರು. ಆಮೇಲೆ ಮೆಲ್ಲಗೆ, ‘ಈಗ ನಿಂತ್ತು’ ಎಂದರು.

ಸುಳ್ಳು ಯಾಕೆ ಹೇಳಲಿ, ನನಗೆ ಹೋಗುವ ಮನಸ್ಸಿರಲಿಲ್ಲ. ಆದರೂ ಹೋಗಿ ಕೆಳಗೆ ಬಗ್ಗಿ ನೋಡಿದೆ. ಪ್ಲಗ್ಗಿನ ಒಂದು ಮಗ್ಗುಲಲ್ಲಿ ನನ್ನ ಚಾಣದ ಗಾಯಗಳಿದ್ದವು. ಇನ್ನೊಂದು ಮಗ್ಗುಲಲ್ಲಿ, ಬಿಗಿ ಮಾಡುವ ದಿಕ್ಕಿಗೆ, ಒಂದೇ ಒಂದು ಆಳವಾದ ಹೊಸ ಗಾಯ ಹೊಳೆಯುತ್ತಿತ್ತು. ‘ಬಿಚ್ಚೂಕಿಂತ ಮೊದ್ಲ ಒಂಚೂರು ಬಿಗಿ ಮಾಡು, ಜಂಗು ಬಿಡ್ತೈತಿ’ ಎಂದು ಉಸ್ತಾದರು ಹೇಳುತ್ತಿದ್ದರು. ಸಿಟ್ಟಿನಲ್ಲಿ ನನಗದು ನೆನಪೇ ಆಗಿರಲಿಲ್ಲ. ಕೈ ಹಚ್ಚಿದೆ. ಪ್ಲಗ್ ಬೆರಳಲ್ಲೇ ತಿರುಗಿ ಬಂತು.

ಬಿಸಿಲಿಗೆ ಕಬ್ಬಿಣ ಹಿಗ್ಗಿ ಟಕ್ ಎಂದಿರಬಹುದು. ಚಾಚಿ ಪಕ್ಕದ ಓಣಿಯ ಸುತ್ತಿಗೆ ಕೇಳಿರಬಹುದು. ಆ ಗಾಯ ನಾನೇ ಮಾಡಿ ಮರೆತಿರಬಹುದು. ಬಿಡಿಬಿಡಿಯಾಗಿ ಎಲ್ಲಕ್ಕೂ ಉತ್ತರ ಹೊಂದಿಸುತ್ತೇನೆ. ಕೂಡಿಸಿ ನೋಡಿದರೆ ಅವು ಒಂದಕ್ಕೊಂದು ಹೊಂದುವುದಿಲ್ಲ.

ಇರ್ಫಾನ್ ವೆಲ್ಡಿಂಗಿನವನೊಂದಿಗೆ ಬಂದು, ‘ನೀವ ತಗದ್ರೇನಣ್ಣಾ?’ ಎಂದು ಕುಣಿದಾಡಿದ. ನಾನು ಗೋಣು ಹಾಕಿದೆ. ಚಾಚಿ ನನ್ನ ಮುಖ ನೋಡಿದರು. ಹೊಸ ಆಯಿಲ್ ಹಾಕಿ, ಹೊಸ ಪ್ಲಗ್ ಬಿಗಿದು, ಬಿಸಿಲು ಇಳಿಯುವ ಮೊದಲೇ ಗಾಡಿ ಸಿದ್ಧ ಮಾಡಿದೆವು.

ಇರ್ಫಾನ್ ಸ್ಟೇರಿಂಗ್ ಹಿಡಿದು ಕೂತ. ಇಂಜಿನ್ ಇನ್ನೂ ಚಾಲೂ ಮಾಡಿರಲಿಲ್ಲ. ಚಾಚಿ ಗಾಡಿಯ ಮಗ್ಗುಲಿಗೆ ಬಂದು, ಬಗ್ಗಿ, ಚಾಸಿಯ ಮೇಲೆ ಅಂಗೈ ಇಟ್ಟರು. ಆಮೇಲೆ ಬೆರಳು ಮಡಚಿ ಗೆಣ್ಣಿನಿಂದ ಮೆಲ್ಲಗೆ ಎರಡು ಸಲ ಬಡಿದು, ಮತ್ತೆ ಅಂಗೈ ಇಟ್ಟರು. ನಮ್ಮ ಆ ಮಾತನ್ನು ಆಕೆ ಯಾವಾಗ ಕಲಿತಿದ್ದರೋ.

‘ಹೊಂಡು ಬೇಟಾ’ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ‘ಹೂಂ ಅಂದ್ರು.’

ಗಾಡಿ ಪಾಸಾಗಿ ಬಂತು, ಇಂದಿಗೂ ಓಡುತ್ತಿದೆ. ನಾನು ಮಾತ್ರ ಅಂದಿನಿಂದ ಯಾವ ಲಾರಿಯ ಚಾಸಿಯನ್ನೂ ಎರಡು ಸಲ ಬಡಿದಿಲ್ಲ.